ರಾಜಿಯಾಗದ ಕಲಮು

“ಕೇಸ್ ಕೊಟ್ಟಾಕಿ ನಾನು, ವಾಪಸ್ ತಗೊಳ್ಳಾಕಿ ನಾನು. ನಡುವ ನಿಮ್ಮದೇನ್ರಿ ಮೇಡಂ?”

ರೋಣ ಮತ್ತು ನರಗುಂದದ ಕೋರ್ಟುಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿ ಕೆಲಸ ಮಾಡಿದಷ್ಟು ಕಾಲವೂ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು ಇದು. ಕೋರ್ಟಿನ ಕಟ್ಟೆಯ ಮೇಲೆ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು ಕೇಳಿದ್ದಾರೆ, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಸೆರಗು ಹಿಡಿದು ಕೇಳಿದ್ದಾರೆ. ನಿವೃತ್ತಿಯಾದ ಮೇಲಾದರೂ ತಪ್ಪೀತು ಅಂದುಕೊಂಡಿದ್ದೆ. ಮೊನ್ನೆ ಬೀಗರ ಮನೆಯ ಸೀಮಂತಕ್ಕೆ ಹೋದರೆ, ಊಟದ ಪಂಕ್ತಿಯಲ್ಲಿ ಬದಿಗೆ ಕೂತವಳು ಅದನ್ನೇ ಕೇಳಿದಳು. ಹೋಳಿಗೆ ಎಲೆಯಲ್ಲೇ ಉಳಿಯಿತು.

ಈ ಕೆಲಸಕ್ಕೆ ಈಗ ಹೊಸ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಕಲಮುಗಳನ್ನು ಅಂಕಿ ಸಮೇತ ಒಪ್ಪಿಸುತ್ತಾರೆ, ಬಹಳ ಸಂತೋಷ. ಆದರೆ ಎದುರಿಗೆ ನಿಂತ ಹೆಂಗಸು “ವಾಪಸ್ ತಗೀರಿ” ಅಂದಾಗ ಏನು ಹೇಳಬೇಕು ಅನ್ನುವುದು ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದರಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಅದನ್ನು ಬಿಟ್ಟು, ಆ ಒಂದು ಪ್ರಶ್ನೆಯ ಜೊತೆ ಗುದ್ದಾಡಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಕಾಯ್ದೆಯನ್ನು ಹೇಳಿ ಮುಗಿಸುತ್ತೇನೆ. ಗಂಡ ಹಿಂಸೆ ಕೊಟ್ಟನೆಂದು ಹೆಂಡತಿ ಠಾಣೆಯಲ್ಲಿ ಫಿರ್ಯಾದಿ ಕೊಟ್ಟು, ಪೊಲೀಸರು 498ಎ ಕಲಮಿನಡಿ ಕೇಸು ಹಾಕಿದರೆ, ಅಲ್ಲಿಂದ ಮುಂದೆ ಆ ಕೇಸು ಸರ್ಕಾರದ್ದು. ಹೆಂಡತಿ ಬರೀ ಸಾಕ್ಷಿ. ಅದನ್ನು ರಾಜಿ ಮಾಡಿಕೊಳ್ಳಲು ಕೆಳಗಿನ ಕೋರ್ಟಿನಲ್ಲಿ ಅವಕಾಶವಿಲ್ಲ. ಇಬ್ಬರೂ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿ ಎಂದು ಬೇಡಿಕೊಳ್ಳಬಹುದು; ನಾನು ಹೇಳುತ್ತಿರುವ ಕಾಲಕ್ಕೆ ಹೈಕೋರ್ಟು ಅಂದರೆ ಬೆಂಗಳೂರು. ಗಜೇಂದ್ರಗಡದ ನೇಕಾರ ಹೆಂಗಸಿಗೆ ಬೆಂಗಳೂರು ಎಷ್ಟು ದೂರ ಎಂದು ಕಾಯ್ದೆ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ. ಹೀಗಾಗಿ ಜನರೇ ಒಂದು ಅಡ್ಡದಾರಿ ಮಾಡಿಕೊಂಡಿದ್ದರು. ಹೆಂಡತಿ ಕಟಕಟೆಗೆ ಬಂದು “ನನ್ನ ಗಂಡ ಏನೂ ಮಾಡಿಲ್ರಿ, ನಾನ ಮೆಟ್ಟಲದಾಗ ಜಾರಿ ಬಿದ್ದೆ” ಅನ್ನುವುದು. ಕೋರ್ಟಿನ ದಾಖಲೆ ನಂಬುವುದಾದರೆ ನಮ್ಮ ತಾಲೂಕಿನ ಹೆಂಗಸರಷ್ಟು ಮೆಟ್ಟಿಲಿನಿಂದ ಬೀಳುವವರು ಭೂಮಿಯ ಮೇಲೆಲ್ಲೂ ಇಲ್ಲ. ಅವರಲ್ಲಿ ಅರ್ಧ ಮಂದಿಯ ಮನೆಗೆ ಮೆಟ್ಟಿಲೇ ಇರಲಿಲ್ಲ.

ಸಾಕ್ಷಿ ಹೀಗೆ ತಿರುಗಿದಾಗ ನಾನು ಎದ್ದು ನಿಂತು, ಈಕೆ ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಸಾಲು ಸಾಲಾಗಿ ಓದಿ, ಹೀಗೆ ಹೇಳಿದ್ದೀರಲ್ಲ ಎಂದು ಕೇಳಬೇಕು. ಆಕೆ ಇಲ್ಲ ಅನ್ನಬೇಕು. ಆ ಹೇಳಿಕೆಗಳಾದರೂ ಎಂಥವು! ಒಂದು ಠಾಣೆಯಲ್ಲಿ ಫಿರ್ಯಾದಿ ಬರೆದುಕೊಳ್ಳುವ ಒಬ್ಬ ಜಮಾದಾರರಿದ್ದರು, ಅಕ್ಷರ ಮುತ್ತಿನಂಥವು. ಅವರು ಬರೆದ ಫಿರ್ಯಾದಿಗಳಲ್ಲಿ ಎಲ್ಲ ಹೆಂಗಸರೂ “ಮಾನಸಿಕ ಹಾಗೂ ದೈಹಿಕ ಕಿರುಕುಳವನ್ನು ತಾಳಲಾರದೆ” ಎಂದೇ ಮಾತಾಡುತ್ತಿದ್ದರು. ನರಗುಂದದಲ್ಲಿ ಒಮ್ಮೆ ಎದುರು ಪಕ್ಷದ ವಕೀಲರು ಕಟಕಟೆಯಲ್ಲಿದ್ದ ಮುದುಕಿಯನ್ನು, “ನಿನ್ನ ಮಗಳಿಗೆ ಕಿರುಕುಳ ಕೊಟ್ಟದ್ದನ್ನು ನೀನು ನೋಡಿದ್ದೀಯಾ?” ಎಂದು ಕೇಳಿದರು. ಮುದುಕಿ ಯೋಚನೆ ಮಾಡಿ, “ಇಲ್ರಿ, ಅದೇನೂ ಕೊಟ್ಟಿಲ್ರಿ. ನಾವ ಒಂದ ಆಕಳ ಕೊಟ್ಟಿದ್ವಿ” ಅಂದಳು. ಕೋರ್ಟು ನಕ್ಕಿತು. ಅಳಿಯ ಖುಲಾಸೆಯಾದ. ಜಮಾದಾರರನ್ನು ಕಂಡು, “ದಯಮಾಡಿ ಅವರು ಹೇಳಿದ ಮಾತನ್ನೇ ಬರೀರಿ, ಒದ್ದಾನ ಅಂದ್ರ ಒದ್ದಾನ ಅಂತ ಬರೀರಿ” ಎಂದೆ. “ಸರ್ಕಾರಿ ಕಾಗದದಾಗ ಅಂಥಾ ಭಾಷಾ ಚಲೋ ಕಾಣಂಗಿಲ್ರಿ ಮೇಡಂ” ಅಂದರು.

ಹೊಳೆಆಲೂರಿನ ಸರೋಜಾಳ ಸಂಗತಿ ಮಾತ್ರ ನಗುವಂಥದ್ದಲ್ಲ. ಸಣ್ಣ ವಯಸ್ಸಿನ ಹುಡುಗಿ. ಎರಡೂ ಮನೆಯವರು ಕೂತು ಮಾತಾಡಿ, ಹುಡುಗಿ ಕಟಕಟೆಯಲ್ಲಿ “ನನ್ನ ಗಂಡ ದೇವರಂಥಾಂವ್ರಿ” ಎಂದು ಹೇಳುವಂತೆ ಮಾಡಿದರು. ಕೇಸು ಬಿತ್ತು. ಮರುವರ್ಷ ಆಕೆ ಮತ್ತೆ ಬಂದಳು, ಬೆನ್ನ ಮೇಲೆ ಸುಟ್ಟ ಗಾಯದೊಂದಿಗೆ. ಈ ಸಲ ಏನೇ ಆದರೂ ಹಿಂದೆ ಸರಿಯುವುದಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದಳು, ಹಾಗೆಯೇ ನಡೆದುಕೊಂಡಳು. ಆದರೆ ಎದುರು ವಕೀಲರು ಹಳೆಯ ಸಾಕ್ಷಿಯ ನಕಲು ಪ್ರತಿ ತೆಗೆದು, “ಹಿಂದೆ ಪ್ರಮಾಣ ಮಾಡಿ ದೇವರಂಥವನು ಎಂದಿದ್ದೆ. ಆಗ ಹೇಳಿದ್ದು ಸುಳ್ಳೋ ಈಗ ಹೇಳಿದ್ದು ಸುಳ್ಳೋ?” ಎಂದರು. ಸರೋಜಾ ನನ್ನ ಮುಖ ನೋಡಿದಳು. ಸಂಶಯದ ಲಾಭ ಆರೋಪಿಗೆ ಹೋಯಿತು. ಆ ದಿನದ ಸಿಟ್ಟು ನನಗೆ ಇನ್ನೂ ಆರಿಲ್ಲ.

ಆ ಸಿಟ್ಟು ಬಿಸಿಯಾಗಿದ್ದಾಗಲೇ ನೀಲವ್ವ ಬಂದಳು.

ನೀಲವ್ವ ಜಕ್ಕಲಿಯ ರೈತರ ಮನೆಯ ಮಗಳು, ಗಜೇಂದ್ರಗಡದ ನೇಕಾರ ಈರಪ್ಪನಿಗೆ ಕೊಟ್ಟಿದ್ದರು. ಮನೆಯಲ್ಲಿ ಎರಡು ಮಗ್ಗ. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ಇವಳು. ಅತ್ತೆ ಸಂಗವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು, ಒಬ್ಬ ಮಗಳು ಶಾಲೆಗೆ ಹೋಗುವವಳು. ಈರಪ್ಪ ಕುಡುಕನಲ್ಲ, ಜೂಜಿನವನಲ್ಲ. ಸಿಟ್ಟು ಬಂದರೆ ಕೈ ಎತ್ತುವವನು, ಅಷ್ಟೇ. ‘ಅಷ್ಟೇ’ ಎಂದು ನಾನು ಹೇಳುತ್ತಿಲ್ಲ; ಅವನ ಪರವಾಗಿ ಬಂದವರೆಲ್ಲ ಹೇಳಿದ್ದು. ಒಂದು ದಿನ ಸೀರೆಯ ಅಂಚು ಸೊಟ್ಟಗಾಯಿತೆಂದು ಮಗ್ಗದ ಮರದ ತುಂಡನ್ನು ತೆಗೆದು ಬೀಸಿದ. ಎಡಗೈ ಮೊಣಕೈಯ ಕೆಳಗೆ ಮುರಿಯಿತು. ಮನೆಯವರು ಸುದ್ದಿ ಹೊರಗೆ ಹೋಗಬಾರದೆಂದು ನಾಟಿ ವೈದ್ಯನಿಂದ ಕಟ್ಟಿಸಿದರು. ಕೈ ಬಾತು ಕಪ್ಪಾದಾಗ, ಎದುರು ಮನೆಯ ಖಾದರಸಾಬ, ನೂಲಿಗೆ ಬಣ್ಣ ಹಾಕುವವನು, ಯಾರನ್ನೂ ಕೇಳದೆ ಆಕೆಯನ್ನು ಟಂಟಂ ಆಟೋದಲ್ಲಿ ಕೂಡಿಸಿಕೊಂಡು ರೋಣದ ದವಾಖಾನೆಗೆ ಕರೆತಂದ. ಡಾಕ್ಟರು ಪೊಲೀಸರಿಗೆ ತಿಳಿಸಿದರು. ಹೀಗೆ ಕೇಸಾಯಿತು. ನೀಲವ್ವ ಜಕ್ಕಲಿಯ ತವರಿಗೆ ಹೋದಳು, ಮಗಳು ಅತ್ತೆಯ ಬಳಿಯೇ ಉಳಿದಳು.

ನೀಲವ್ವ ನನ್ನಲ್ಲಿಗೆ ಮೊದಲ ಸಲ ಬಂದಾಗ ಜೊತೆಗೆ ಸಾಹುಕಾರ ಗುರುಬಸಪ್ಪನವರಿದ್ದರು. ಈರಪ್ಪನ ಮನೆಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದವರು ಅವರೇ. ಕುರ್ಚಿಯಲ್ಲಿ ಅವರು ಕೂತರು, ನೀಲವ್ವ ಬಾಗಿಲ ಬಳಿ ನಿಂತಳು.

“ಗಂಡ ಹೆಂಡ್ತಿ ಒಂದಾಗ್ಯಾರ್ರಿ. ನೀವೊಂದ ಕೈ ಬಿಟ್ರ ಎಲ್ಲಾ ಚಲೋ ಆಗತೈತಿ” ಅಂದರು ಸಾಹುಕಾರರು.

“ನೀಲವ್ವ, ನೀವ ಹೇಳ್ರಿ.”

“ಆಕೀದೂ ಅದ ಮಾತ್ರಿ” ಅಂದರು ಸಾಹುಕಾರರೇ.

ಹೊಸಬರಿಗೆ ನನ್ನದೊಂದು ಮಾತು: ಜೊತೆಗೆ ಬಂದವರನ್ನು ಮೊದಲು ಹೊರಗೆ ಕಳಿಸಿ. ಚಹಾ ಕುಡಿದು ಬನ್ನಿ ಎನ್ನಿ, ಬೈಯಿರಿ, ಏನಾದರೂ ಮಾಡಿ, ಹೊರಗೆ ಕಳಿಸಿ. ಸಾಹುಕಾರರು ಹೋಗಲು ಒಪ್ಪಲಿಲ್ಲ. ಮುಂದಿನ ತಾರೀಖಿಗೆ ಒಬ್ಬಳೇ ಬಾ ಎಂದು ನೀಲವ್ವನನ್ನು ಕಳಿಸಿದೆ.

ಒಬ್ಬಳೇ ಬಂದಾಗ, ಬೆದರಿಕೆಯಿದೆ, ಒತ್ತಾಯವಿದೆ ಎಂದು ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಅಳಲಿಲ್ಲ. “ಖರೇನ ವಾಪಸ್ ತಗೋಬೇಕ್ರಿ” ಅಂದಳು.

“ಯಾರು ಹೇಳ್ಕೊಟ್ಟಾರ?”

“ಯಾರೂ ಇಲ್ರಿ. ತವರಮನ್ಯಾಗ ಎಷ್ಟ ದಿನಾ ಅಂತ ಕುಂದರ್ಲಿ? ಅಲ್ಲಿ ಹೊಲ ಐತಿ, ಮಗ್ಗ ಇಲ್ಲ. ನನ್ನ ಮಗಳು ಗಂಡನ ಮನ್ಯಾಗ ಐತಿ. ನಮ್ಮ ಅತ್ತಿಗೆ ಕಣ್ಣ ಮಂದ ಆಗ್ಯಾವ.” ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, “ನನಗ ಅಂವ ಬೇಕ್ರಿ ಮೇಡಂ. ಅಂವನ ಕೈ ಬ್ಯಾಡ” ಅಂದಳು.

ನಾನು ಕಾಯ್ದೆ ಹೇಳಿದೆ. ಆರೋಪಿಯ ಮೇಲೆ ಎರಡು ಮುಖ್ಯ ಕಲಮುಗಳಿದ್ದವು. ಮೂಳೆ ಮುರಿಯುವಂಥ ಗಾಯ ಮಾಡಿದ್ದಕ್ಕೆ 325. ಇದನ್ನು ಕೋರ್ಟಿನ ಅಪ್ಪಣೆ ಪಡೆದು ರಾಜಿ ಮಾಡಿಕೊಳ್ಳಬಹುದು. ಗಂಡ ಕ್ರೌರ್ಯ ತೋರಿದ್ದಕ್ಕೆ 498ಎ. ಇದು ರಾಜಿಯಾಗುವುದಿಲ್ಲ.

ನೀಲವ್ವ ಕಣ್ಣು ಕಿರಿದು ಮಾಡಿದಳು. “ಅಂದ್ರ, ಕೈ ಮುರದದ್ದನ್ನ ಮಾಫ್ ಮಾಡಾಕ ಬರತೈತಿ. ಬೈದು ಬಡದದ್ದನ್ನ ಮಾಫ್ ಮಾಡಾಕ ಬರಂಗಿಲ್ಲ?”

“ಹೌದು.”

“ಕೈ ನಂದೋ ಸರ್ಕಾರದ್ದೋ?”

ನಾನು ಕಾನೂನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಅಪರಾಧ ಅನ್ನುವುದು ಇಡೀ ಸಮಾಜದ ವಿರುದ್ಧ ನಡೆದದ್ದು. ವಾಪಸ್ ತೆಗೆಯುವ ಅಧಿಕಾರವನ್ನು ಹೆಂಡತಿಗೇ ಕೊಟ್ಟರೆ, ಬಡಿದವನು ಇನ್ನೆರಡು ಬಡಿದು ವಾಪಸ್ ತೆಗೆಸುತ್ತಾನೆ. ಆಕೆಯ ಹೆಗಲ ಮೇಲಿನ ಭಾರ ಇಳಿಯಲಿ ಎಂದೇ ಸರ್ಕಾರ ಅದನ್ನು ತಾನು ಹೊತ್ತುಕೊಂಡಿದೆ. ಇದೆಲ್ಲ ಸುಳ್ಳಲ್ಲ. ಈಗಲೂ ನಾನು ಇದನ್ನು ನಂಬುತ್ತೇನೆ. ಆದರೆ ಸರಿಯಾಗಿ ಕೂಡದ, ಸೊಟ್ಟಗಾದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವಳ ಮುಂದೆ ಹೇಳುವಾಗ ನನ್ನ ಮಾತು ನನಗೇ ರೇಡಿಯೋದಲ್ಲಿ ಬಂದಂತೆ ಕೇಳಿಸಿತು.

“ಎಲ್ಲಾರೂ ಜಾರಿ ಬಿದ್ದೆ ಅಂತ ಹೇಳತಾರಂತಲ್ರಿ” ಅಂದಳು. “ಸುಳ್ಳ ಹೇಳಿದ್ರ ನನಗ ಶಿಕ್ಷಾ ಐತೇನ್ರಿ?”

“ಕಾಯ್ದೆದಾಗ ಐತಿ. ಆದ್ರ ಯಾರಿಗೂ ಆದದ್ದ ನಾ ನೋಡಿಲ್ಲ.”

“ಅಂದ್ರ ಖರೇ ಹೇಳಿದ್ರ ಮನಿ ಹೋಗತೈತಿ, ಸುಳ್ಳ ಹೇಳಿದ್ರ ಏನೂ ಆಗಂಗಿಲ್ಲ. ಚಲೋ ಮಾಡ್ಯಾರ ಬಿಡ್ರಿ ಕಾಯ್ದೆ.”

ಆಗ ನಾನು, ಹೆಸರು ಊರು ಹೇಳದೆ, ಸರೋಜಾಳ ಕಥೆ ಹೇಳಿದೆ. ಹೆದರಿಸಲಿಕ್ಕಲ್ಲ. ಜಾರಿ ಬಿದ್ದೆ ಎಂದು ಒಮ್ಮೆ ಹೇಳಿದರೆ ಆ ಮಾತು ಆಕೆಯ ಜೊತೆಗೇ ಉಳಿಯುತ್ತದೆ, ನಾಳೆ ನಿಜ ಹೇಳಲು ಬಂದಾಗ ದಾರಿಗೆ ಅಡ್ಡ ನಿಲ್ಲುತ್ತದೆ ಎಂಬುದು ತಿಳಿದಿರಲಿ ಎಂದು. ನೀಲವ್ವ ಪೂರ್ತಿ ಕೇಳಿದಳು. “ಆ ಹುಡುಗಿ ಈಗ ಎಲ್ಲೈತ್ರಿ?” ಅಂದಳು. ನನಗೆ ಗೊತ್ತಿರಲಿಲ್ಲ. ಎದ್ದು, “ನೋಡೂಣಂತ್ರಿ” ಎಂದು ಹೋದಳು. ಏನು ನೋಡುವುದೋ, ಆಕೆ ಹೇಳಲಿಲ್ಲ.

ಮುಂದಿನ ತಾರೀಖುಗಳ ಕಥೆ ಬೇಡ. ಒಮ್ಮೆ ಡಾಕ್ಟರಿಗೆ ಸಮನ್ಸು ಮುಟ್ಟಲಿಲ್ಲ, ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಯಿತು, ಒಮ್ಮೆ ವಕೀಲರು ಕಲಾಪ ಬಹಿಷ್ಕರಿಸಿದರು. ಪ್ರತಿ ಸಲವೂ ಈರಪ್ಪ ಮಗ್ಗ ನಿಲ್ಲಿಸಿ ಬರುವನು, ನೀಲವ್ವ ಜಕ್ಕಲಿಯಿಂದ ಬರುವಳು, ಖಾದರಸಾಬ ಬಣ್ಣದ ಕೈಯಲ್ಲೇ ಬರುವನು. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಮೂವರೂ ಮೂರು ದಿಕ್ಕಿಗೆ ಕೂತು, ಮಧ್ಯಾಹ್ನ ಇನ್ನೊಂದು ತಾರೀಖು ತಗೊಂಡು ಹೋಗುವರು. ಕೇಸು ತಾನಾಗಿಯೇ ಸಾಯಬೇಕೆಂದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕೊನೆಗೆ ಸಾಕ್ಷಿಯ ದಿನ ಬಂತು. ಆ ಹೊತ್ತಿಗೆ ರಾಜಿ ಪಕ್ಕಾ ಆಗಿದೆ ಎಂದು ಕೋರ್ಟಿನ ಚಹಾ ಅಂಗಡಿಗೂ ಗೊತ್ತಿತ್ತು. ಸಾಹುಕಾರರು ಇಸ್ತ್ರಿ ಮಾಡಿದ ಧೋತರ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಈರಪ್ಪನ ಪರ ವಕೀಲರಾದ ದೇಸಾಯಿಯವರು ಪೆನ್ನಿನ ಟೊಪ್ಪಿಗೆಯನ್ನೂ ತೆಗೆದಿರಲಿಲ್ಲ. ಪಾಟೀಸವಾಲಿನ ಅಗತ್ಯವೇ ಬೀಳುವುದಿಲ್ಲ ಎಂಬ ಧೈರ್ಯ. ನಾನೂ ಪ್ರತಿಕೂಲ ಸಾಕ್ಷಿಗೆ ಕೇಳುವ ಪ್ರಶ್ನೆಗಳನ್ನು ತಯಾರು ಮಾಡಿಕೊಂಡೇ ನಿಂತಿದ್ದೆ. ನೀಲವ್ವ ಪ್ರಮಾಣ ಮಾಡಿದಳು.

“ನಿಮ್ಮ ಎಡಗೈಗೆ ಏನಾಗಿತ್ತು?” ಎಂದು ಕೇಳಿದೆ.

“ಮುರಿದಿತ್ರಿ.”

“ಹೇಗೆ ಮುರಿಯಿತು?”

ನೀಲವ್ವ ಆರೋಪಿಯ ಕಡೆ ತಿರುಗಿದಳು. ಈರಪ್ಪ ನೆಲ ನೋಡುತ್ತಿದ್ದ.

“ಇಂವ ಮುರದಾನ್ರಿ. ಮಗ್ಗದ ಕಟ್ಟಗಿ ತಗೊಂಡ ಬಡದಾನ. ಇದ ಮೊದಲ ಅಲ್ರಿ, ಮೊದ್ಲೂ ಬಡಿತಿದ್ದ.”

ದೇಸಾಯಿಯವರ ಪೆನ್ನಿನ ಟೊಪ್ಪಿಗೆ ಬಿಚ್ಚಿಕೊಂಡಿತು. ಹಿಂದಿನ ಬೆಂಚು ಕಿರುಗುಟ್ಟಿತು. ನ್ಯಾಯಾಧೀಶರು, ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ತರುಣ, ತಾವೇ ಒಂದೆರಡು ಪ್ರಶ್ನೆ ಕೇಳಿ ಎಲ್ಲ ಬರೆಸಿಕೊಂಡರು. ದೇಸಾಯಿಯವರು ಪಾಟೀಸವಾಲಿಗೆ ಎದ್ದರು.

“ಗಂಡನ ಜೊತೆ ಬಾಳುವ ಇಚ್ಛೆ ನಿನಗಿದೆಯೋ ಇಲ್ಲವೋ?”

“ಐತ್ರಿ.”

“ಅಂದಮೇಲೆ ಈತ ಬಡಿದ ಎನ್ನುವುದು ಸುಳ್ಳು.”

“ಬಾಳತೀನಿ ಅಂದ್ರ ಬಡದಿಲ್ಲ ಅಂದಂಗ ಹ್ಯಾಂಗ ಆಗತೈತ್ರಿ ವಕೀಲ್ರ? ಎರಡೂ ಖರೇನ.”

“ಸಿಟ್ಟಿನಲ್ಲಿ ಫಿರ್ಯಾದಿ ಕೊಟ್ಟೆ, ಈಗ ಅದನ್ನು ಮುಂದುವರಿಸುವ ಮನಸ್ಸಿಲ್ಲ, ಹೌದಲ್ಲ?”

ನೀಲವ್ವ ಅವರನ್ನು ಬಿಟ್ಟು ನ್ಯಾಯಾಧೀಶರ ಕಡೆ ನೋಡಿದಳು. “ಸಾಹೇಬ್ರ, ಇಂವನ್ನ ಜೈಲಿಗೆ ಹಾಕ್ರಿ ಅಂತ ನಾ ಕೇಳಾಕ ಬಂದಿಲ್ರಿ. ಹಾಕಬ್ಯಾಡ್ರಿ. ಮನ್ಯಾಗ ಮಗ್ಗ ನಿಲ್ಲತೈತಿ. ಆದ್ರ ಬಡದಾನ ಅನ್ನೂದನ್ನ ಬರೀರಿ. ಬಿದ್ದೀನಿ ಅಂತ ಬರೀಬ್ಯಾಡ್ರಿ. ನಾ ಬಿದ್ದಿಲ್ಲ.”

ಅಷ್ಟು ವರ್ಷ ಆ ಕೆಲಸ ಮಾಡಿಯೂ, ಸುಳ್ಳು ಹೇಳುವುದು ಅಥವಾ ಸಂಸಾರ ಕಳೆದುಕೊಳ್ಳುವುದು, ಎರಡೇ ದಾರಿ ಇರುವುದೆಂದು ನಾನು ತಿಳಿದಿದ್ದೆ. ಮೂರನೆಯದನ್ನು ಆಕೆ ತಾನೇ ಹುಡುಕಿಕೊಂಡಿದ್ದಳು.

ಖಾದರಸಾಬ ತಾನು ನೋಡಿದ್ದನ್ನು ಹೇಳಿದ, ಡಾಕ್ಟರೂ ಹೇಳಿದರು. ಈರಪ್ಪ ತಪ್ಪಿತಸ್ಥನೆಂದು ತೀರ್ಪಾಯಿತು. ಶಿಕ್ಷೆಯ ಬಗ್ಗೆ ಕೇಳಿದಾಗ ನಾನು ನೀಲವ್ವನ ಮಾತನ್ನೇ ನ್ಯಾಯಾಲಯದ ಮುಂದಿಟ್ಟೆ. ನ್ಯಾಯಾಧೀಶರು ಜೈಲಿಗೆ ಕಳಿಸದೆ, ಎರಡು ವರ್ಷ ಒಳ್ಳೆಯ ನಡತೆಯಿಂದಿರುತ್ತೇನೆ ಎಂಬ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅಷ್ಟರೊಳಗೆ ಕೈ ಎತ್ತಿದರೆ ಬಾಕಿ ಇರುವ ಶಿಕ್ಷೆಗೆ ಕರೆಸುತ್ತೇನೆ ಎಂದು ಅವನಿಗೆ ಅರ್ಥವಾಗುವಂತೆ ಎರಡೆರಡು ಸಲ ಹೇಳಿದರು.

ಇದಕ್ಕೆ ನನಗೆ ಸಿಕ್ಕ ಬಹುಮಾನ ಕೇಳಿ. ಗದಗಿನ ಸಭೆಯಲ್ಲಿ ನಮ್ಮ ಮೇಲಧಿಕಾರಿಗಳು, “ಶಿಕ್ಷೆ ಏನಾಯಿತು?” ಎಂದರು. ಹೇಳಿದೆ. “ಇಷ್ಟು ಗಟ್ಟಿ ಸಾಕ್ಷಿ ಇದ್ದೂ ಜೈಲಿಲ್ಲ? ಸರ್ಕಾರದ ವಕೀಲರು ನೀವೋ, ಆರೋಪಿಯ ವಕೀಲರೋ?” ನೊಂದವಳೇ ಹಾಗೆ ಕೇಳಿದಳು ಎಂದೆ. “ಅವರು ಕೇಳುವುದನ್ನೆಲ್ಲ ಮಾಡಲು ನಾವು ಇದ್ದೀವೇನು?” ಅಂದರು. ಇದೇ ಸಾಹೇಬರು ಹಿಂದಿನ ಸಭೆಯಲ್ಲಿ, ನೊಂದವರ ಮಾತಿಗೆ ಕಿವಿಗೊಡಿ ಎಂದು ಒಂದು ತಾಸು ಭಾಷಣ ಮಾಡಿದ್ದರು. ಮೇಲ್ಮನವಿ ಹಾಕಲು ಇದು ಯೋಗ್ಯವಲ್ಲ ಎಂದು ಕಾರಣ ಸಮೇತ ಬರೆದು ಕೊಟ್ಟೆ. ಮೂರು ಸಲ ವಾಪಸ್ ಕಳಿಸಿ, ಕೊನೆಗೆ ಒಪ್ಪಿದರು.

ನೀಲವ್ವನಿಗೂ ಸುಲಭವಾಗಲಿಲ್ಲ. ತುಂಬಿದ ಕೋರ್ಟಿನಲ್ಲಿ ತಮ್ಮ ಮರ್ಯಾದೆ ತೆಗೆದಳೆಂದು ಸಾಹುಕಾರರು ಈರಪ್ಪನಿಗೆ ನೂಲು ಕೊಡುವುದನ್ನೇ ನಿಲ್ಲಿಸಿದರು. ಬಡಿದವನು ಈರಪ್ಪ, ರಾಜಿಯ ಮಾತು ಕೊಟ್ಟವರು ಸಾಹುಕಾರರು, ಹೋದದ್ದು ಮಾತ್ರ ಆಕೆಯ ಅನ್ನ. ಈರಪ್ಪ ಆಕೆಯನ್ನು ಕರೆಯಲು ಹೋಗಲಿಲ್ಲ. ಕೆಲವು ತಿಂಗಳಾದ ಮೇಲೆ ಅತ್ತೆ ಸಂಗವ್ವ ಮೊಮ್ಮಗಳ ಕೈ ಹಿಡಿದುಕೊಂಡು, ಆ ಮಂದಗಣ್ಣಿನಲ್ಲೇ ಬಸ್ಸು ಹತ್ತಿ ಜಕ್ಕಲಿಗೆ ಹೋದಳಂತೆ. “ನನ್ನ ಮಗಾ ಬರಂಗಿಲ್ಲ, ಅಂವಗ ಸೊಕ್ಕು. ನಾ ಬಂದೀನಿ, ನಡಿ” ಅಂದಳಂತೆ. ಖಾದರಸಾಬ ತನ್ನ ಪರಿಚಯದ ವ್ಯಾಪಾರಿಯಿಂದ ನೂಲು ಕೊಡಿಸಿದ, ಅದೂ ನೀಲವ್ವನ ಹೆಸರಿಗೆ. ಸೊಟ್ಟ ಕೈಯಲ್ಲಿ ಆಕೆ ಮತ್ತೆ ಮಗ್ಗಕ್ಕೆ ಕೂತಳು. ಇದನ್ನೆಲ್ಲ ನನಗೆ ಹೇಳಿದವನು ಖಾದರಸಾಬನೇ, ರೋಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ.

ಆಮೇಲೆ ಕಾಲ ಬದಲಾಯಿತು. ಮನೆಯೊಳಗಿನ ಹಿಂಸೆ ತಡೆಯಲು ಹೊಸ ಕಾಯ್ದೆ ಜಾರಿಗೆ ಬಂತು. ಅದರಲ್ಲಿ ಹೆಂಗಸು ತಾನೇ ಅರ್ಜಿ ಹಾಕಿ ರಕ್ಷಣೆಯ ಆದೇಶ ಪಡೆಯಬಹುದು, ಅದೇ ಮನೆಯಲ್ಲಿರುವ ಹಕ್ಕು ಕೇಳಬಹುದು. ಬೇಡವಾದರೆ ಅರ್ಜಿ ಹಿಂತೆಗೆದುಕೊಳ್ಳಬಹುದು. ಹಿಂತೆಗೆದುಕೊಳ್ಳುವಾಗಲೂ ನ್ಯಾಯಾಧೀಶರು ಒತ್ತಾಯವೇನಾದರೂ ಇದೆಯೇ ಎಂದು ವಿಚಾರಿಸುತ್ತಾರೆ, ವಿಚಾರಿಸಬೇಕು. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಶುರುವಾದ ಮೇಲೆ, ನಿಜವಾಗಿ ಒಂದಾದವರು ಮುಂಜಾನೆ ಬಸ್ಸು ಹತ್ತಿ ಹೋಗಿ ಕೇಸು ರದ್ದು ಮಾಡಿಸಿಕೊಂಡು ಬರುವಂತಾಯಿತು. ಒಳ್ಳೆಯದೇ. ಆದರೆ ರಕ್ಷಣಾಧಿಕಾರಿ ಎಂಬ ಹುದ್ದೆಯನ್ನು ಮೊದಲೇ ಹತ್ತು ಕೆಲಸವಿದ್ದ ಅಧಿಕಾರಿಯ ತಲೆಗೆ ಹನ್ನೊಂದನೆಯದಾಗಿ ಕಟ್ಟಿದರು. 498ಎ ಮಾತ್ರ ಇದ್ದಲ್ಲೇ ಇತ್ತು, ರಾಜಿಯಿಲ್ಲದೆ. ಜನ ಎರಡು ಕಾಯ್ದೆಗಳನ್ನು ಕಲಸಿಕೊಂಡು, “ಆ ಕೇಸ್ ವಾಪಸ್ ಬಂತಲ್ರಿ, ಈ ಕೇಸ್ ಯಾಕ ಬರಂಗಿಲ್ಲ?” ಎಂದು ಹೊಸ ಪ್ರಶ್ನೆ ಹಿಡಿದುಕೊಂಡು ಬಂದರು. ನನ್ನ ಗಂಟಲು ಒಣಗಿದ್ದು ಮೊದಲಿನಷ್ಟೇ.

ಇನ್ನು ನೀಲವ್ವನ ಕೇಸಿನ ಕೊನೆಯ ಮಾತು. ಎರಡು ವರ್ಷದ ಮುಚ್ಚಳಿಕೆಯ ಅವಧಿ ಮುಗಿದ ಮೇಲೆ ಒಂದು ದಿನ ಈರಪ್ಪ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೂದಲು ನೆರೆತಿತ್ತು. ಒಳಗೆ ಬಾ ಎಂದರೂ ಬರಲಿಲ್ಲ.

“ನಂದು ಮುಗೀತೇನ್ರಿ?”

“ಮುಗೀತು. ಇನ್ನ ಕೋರ್ಟಿಗೆ ಬರೂದೇನ ಇಲ್ಲ.”

ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸುತ್ತ ನಿಂತ.

“ಮತ್ತೇನು?”

“ಎರಡ ವರ್ಷ ಆತ್ರಿ, ಕೈ ಎತ್ತಿಲ್ಲ. ಅವ್ವನ ಆಣಿ. ಒಂದ ಮನ್ಯಾಗ ಅದೀವಿ. ರೊಟ್ಟಿ ಬಡಿತಾಳ, ನೀಡತಾಳ, ಮಾತಾಡತಾಳ. ಆದ್ರ ರಾತ್ರಿ ಆತಂದ್ರ ಮಗ್ಗದ ಕೋಣ್ಯಾಗ ಅವ್ವನ್ನ, ಮಗಳ್ನ ಕರಕೊಂಡ ಒಳಗಿಂದ ಚಿಲಕಾ ಹಾಕ್ಕೋತಾಳ್ರಿ. ಇವತ್ತಿಗೂ ತಗದಿಲ್ಲ.”

ನಾನು ಮುಂದಿದ್ದ ಫೈಲು ಮುಚ್ಚಿದೆ.

“ನಿಮ್ಮ ಮಾತ ಕೇಳತಾಳ್ರಿ ಆಕಿ” ಅಂದ. “ಕೋರ್ಟಿಂದು ಮುಗದೈತಿ, ಇನ್ನ ನಿಂದೂ ವಾಪಸ್ ತಗೋವಾ ಅಂತ, ನೀವರ ಒಂದ ಮಾತ ಹೇಳ್ರಿ ಮೇಡಂ.”

ಎದುರಿಗೆ ಕೂತ ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

“ಆ ಚಿಲಕಾ ಸರ್ಕಾರದ ಕೈಯಾಗ ಇಲ್ಲ, ಈರಪ್ಪ” ಅಂದೆ. “ಅದನ್ನ ಆಕಿಗೇ ಕೇಳಬೇಕು. ತಗೀಲಿಲ್ಲಂದ್ರ, ಅದಕ್ಕ ಮ್ಯಾಲ ಯಾವ ಕೋರ್ಟೂ ಇಲ್ಲ.”

ಅವನು ಚೌಕಟ್ಟಿನಿಂದ ಕೈ ತೆಗೆದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಗಜೇಂದ್ರಗಡದ ಬಸ್ಸಿಗೆ ಹೋದ.